ಗೇಣುದ್ದ ಮಲ್ಲಿಗೆಯ ತೇವ

ಆಗಸ್ಟ್ ೧೨, ೨೦೨೫, ಮಂಗಳವಾರ

ಈ ಡೈರಿ ವಿಮೆಯ ಏಜೆಂಟ್ ಜನವರಿಯಲ್ಲಿ ಕೊಟ್ಟದ್ದು. ಏಳು ತಿಂಗಳಿಂದ ಹೆಂಡತಿ ಮನೋರಮಾ ಇದರ ಮೇಲೆ ಬಿಸಿ ಹಾಲಿನ ಪಾತ್ರೆ ಇಡುತ್ತಿದ್ದಳು. ಇವತ್ತು ಪಾತ್ರೆ ಎತ್ತಿ ಬರೆಯಲು ಕುಳಿತಿದ್ದೇನೆ. ಯಾಕೆಂದರೆ ಅವಳಿಗೂ ಹೇಳಲಾಗದ ಒಂದು ವಿಷಯ ಹೊಟ್ಟೆಯಲ್ಲಿ ಉಂಟು.

ಲೂಯಿಸನನ್ನು ಮೇಧಾಳ ಹತ್ತಿರ ಕರೆದುಕೊಂಡು ಹೋದದ್ದು ನಾನೇ. ಬುದ್ಧಿ ಎಲ್ಲಿಗೆ ಹೋಗಿತ್ತೋ.

ಮೇಧಾ ಕಾರ್ಕಳದ ಕಾಲೇಜಿನಲ್ಲಿ ನನ್ನ ಲ್ಯಾಬಿನ ಹುಡುಗಿ. ಮೂವತ್ತನಾಲ್ಕು ವರ್ಷ ಅಲ್ಲಿ ನಾನು ಭೌತಶಾಸ್ತ್ರದ ಲ್ಯಾಬ್ ನೋಡಿಕೊಂಡವನು. ಸೋಡಿಯಂ ದೀಪದ ಹಳದಿ ಗೆರೆ ಒಂದಲ್ಲ, ಎರಡು ಅಂತ ಅವಳಿಗೆ ಮೊದಲು ತೋರಿಸಿದವನು ನಾನು. ಅವಳು ಈಗ ಮಣಿಪಾಲದಲ್ಲಿ ಪ್ರೊಫೆಸರ್. ಉತ್ತರದ ಯಾವುದೋ ಹಿಮದ ಬೆಟ್ಟದ ಮೇಲಿನ ದೂರದರ್ಶಕಕ್ಕೆ ಒಂದು ಸ್ಪೆಕ್ಟ್ರೋಗ್ರಾಫ್ ಕಟ್ಟುತ್ತಿದ್ದಾಳೆ. ನಕ್ಷತ್ರದ ಬೆಳಕನ್ನು ಬಿಡಿಸಿ ಬಿಡಿಸಿ ಸಾವಿರ ಗೆರೆ ಮಾಡುವ ಯಂತ್ರ. ನಕ್ಷತ್ರದ ಸುತ್ತ ಗ್ರಹ ಇದ್ದರೆ ನಕ್ಷತ್ರ ಸ್ವಲ್ಪ ಅಲುಗುತ್ತದಂತೆ, ಮನುಷ್ಯ ಓಡುವಷ್ಟು ವೇಗದಲ್ಲಿ. ಆಗ ಗೆರೆಗಳು ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು ಸರಿಯುತ್ತವೆ. ಅದನ್ನು ಹಿಡಿಯಬೇಕು.

ಜುಲೈಯಲ್ಲಿ ಫೋನ್ ಮಾಡಿದಳು. "ಸರ್, ಲೇತ್‌ನಲ್ಲಿ ಒಳ್ಳೆ ಕೈ ಇರುವವರು ಯಾರಾದರೂ ಗೊತ್ತುಂಟಾ?" ಬೆಳಕನ್ನು ಒಡೆಯುವ ಗೆರೆಗಾಜಿಗೆ, ಗ್ರೇಟಿಂಗ್ ಅನ್ನುತ್ತಾರೆ, ಒಂದು ಲೋಹದ ಕುರ್ಚಿ ಬೇಕಿತ್ತು. ವರ್ಷಗಟ್ಟಲೆ ಅಲುಗದ ಕುರ್ಚಿ. ನಾನು ಉದಾರಿ, ಮನೆಯಲ್ಲೇ ಲೇತ್ ಇಟ್ಟು ಲೋಹ ಕಡೆಯುವ ಲೂಯಿಸನ ಹೆಸರು ಹೇಳಿದೆ. ಶಂಕರಪುರದಲ್ಲಿ ನಮ್ಮ ಮನೆಯಿಂದ ನಾಲ್ಕನೇ ಮನೆ. ನಲವತ್ತು ವರ್ಷದ ಸ್ನೇಹ.

ಇವತ್ತು ಹೋಗಿ ನೋಡಿದರೆ ಅವಳು ಅವನನ್ನು "ಲೂಯಿಸಂಕಲ್" ಅನ್ನುತ್ತಾಳೆ. ನನ್ನನ್ನು "ಸರ್". ಅಂಕಲ್ ಅಂದರೆ ಹತ್ತಿರ ಬಾ. ಸರ್ ಅಂದರೆ ಸರಿ, ಅತ್ತ ಸರಿ.


ಆಗಸ್ಟ್ ೧೪, ಗುರುವಾರ

ಲೂಯಿಸನ ಟಿಫಿನ್ ಚೀಲದಲ್ಲಿ ಒಂದು ಒಣ ಬಂಗುಡೆ ಮೀನಿನ ತಲೆ ಹಾಕಿಬಿಟ್ಟೆ. ಕೊರೋನಾ ಬಂದು ಹೋದಮೇಲೆ ಅವನ ಮೂಗು ಸತ್ತಿದೆ, ಯಾವ ವಾಸನೆಯೂ ತಿಳಿಯುವುದಿಲ್ಲ. ಕಟಪಾಡಿಯಿಂದ ಮಣಿಪಾಲದವರೆಗೆ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ. ಅವನು ನನಗೆ ಹೇಳುತ್ತಾನೆ, "ನೋಡು ತಾರಾ, ಈಗಿನ ಜನ ಹಿರಿಯರಿಗೆ ಎಷ್ಟು ಮರ್ಯಾದೆ ಕೊಡುತ್ತಾರೆ, ಜಾಗ ಬಿಟ್ಟು ನಿಲ್ಲುತ್ತಾರೆ."

ಎರಡು ದಿನದಲ್ಲಿ ಮೊದಲ ಸಲ ನಕ್ಕೆ.


ಆಗಸ್ಟ್ ೨೫, ಸೋಮವಾರ

ನನಗೂ ಒಂದು ಕೆಲಸ ಸಿಕ್ಕಿತು! ಯಂತ್ರ ಕೂರಲು ಕಲ್ಲಿನ ಹಾಸು ಬೇಕು ಅಂತ ಮೇಧಾ ಅಂದಾಗ, "ಕಾರ್ಕಳ ಇರುವಾಗ ಕಲ್ಲಿಗೆ ಬರವಾ?" ಅಂದೆ. ಅವಳನ್ನು ನನ್ನ ಹಳೇ ಪರಿಚಯದ ಶಿಲ್ಪಿಯ ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಅರ್ಧ ಮುಗಿದ ನಂದಿಗಳ ನಡುವೆ ಒಂದು ಕರಿ ಚಪ್ಪಡಿ. ಶಿಲ್ಪಿ ಅದರ ಮೇಲೆ ನೀರು ಚೆಲ್ಲಿ ತೋರಿಸಿದ, ನೀರು ಯಾವ ಕಡೆಗೂ ಓಡಲಿಲ್ಲ.

"ಸರ್, ಸೂಪರ್!" ಅಂದಳು ಮೇಧಾ.

ಬರುವಾಗ ಕಾರಿನಲ್ಲಿ ಒಂದು ಗಂಟೆ ದಾರಿ. ನಲವತ್ತೈದು ನಿಮಿಷ ಲೂಯಿಸಂಕಲ್ ಬಗ್ಗೆಯೇ ಮಾತು. ಅಂಕಲ್ ಅಳತೆಪಟ್ಟಿ ಇಲ್ಲದೆ ಉಗುರಿನಲ್ಲಿ ಮುಟ್ಟಿಯೇ ಎರಡು ಮೈಕ್ರಾನಿನ ವ್ಯತ್ಯಾಸ ಹೇಳುತ್ತಾರೆ, ಅಂಕಲ್ ಹಾಗೆ, ಅಂಕಲ್ ಹೀಗೆ. ಮೂಡುಬೆಳ್ಳೆ ದಾಟುವಾಗ ಕಿಟಕಿ ಇಳಿಸಿ ಮುಖ ಹೊರಗೆ ಹಾಕಿದೆ. ರಸ್ತೆಯ ತಿರುವಿಗೆ ತಲೆ ಸುತ್ತಿತು ಅಂದೆ.

ಕಲ್ಲು ಕಲ್ಲೇ. ಅದರ ಮೇಲೆ ಕೂತವನಿಗೆ ಹೆಸರು.


ಸೆಪ್ಟೆಂಬರ್ ೮, ಸೋಮವಾರ

ಲೂಯಿಸನ ಮನೆಯಲ್ಲಿ ಮೊಂತಿ ಹಬ್ಬದ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬದ, ಊಟ. ಬಾಳೆಲೆ, ಹೊಸ ತೆನೆಯ ಅಕ್ಕಿ ಬೆರೆಸಿದ ಪಾಯಸ, ಅರಿಶಿನ ಎಲೆಯ ಕಡುಬು. ಪ್ರತಿ ವರ್ಷ ನಾವಿಬ್ಬರು ಹೋಗಲೇಬೇಕು. ಹೋಗದಿದ್ದರೆ ಲೂಯಿಸನ ಹೆಂಡತಿ ಡೈನಾ ಊಟ ಹೊತ್ತುಕೊಂಡೇ ಬರುತ್ತಾಳೆ.

ಎಲೆ ಬಿಡಿಸಿದಾಗ ಅರಿಶಿನದ ಘಮ ಇಡೀ ಪಡಸಾಲೆಗೆ ಹರಡಿತು. ಲೂಯಿಸ್ ಮೂಗು ಎಲೆಯವರೆಗೆ ಬಗ್ಗಿಸಿದ. ಮುಖದಲ್ಲಿ ಏನೂ ಇಲ್ಲ.

"ಡಾಕ್ಟರು ದಿನಾ ಎಂತಾದರೂ ಮೂಸಿ ಅಭ್ಯಾಸ ಮಾಡಿ ಅಂದಿದ್ದಾರೆ," ಅಂದಳು ಡೈನಾ. "ಲವಂಗ, ಲಿಂಬೆ, ಹೂ. ಮೂಗು ಮತ್ತೆ ಕಲಿಯಬಹುದಂತೆ. ಇವರು ಕೇಳಬೇಕಲ್ಲ!"

"ಮೂಗಿಗೆ ಟ್ಯೂಷನ್ನಾ?" ಅಂದ ಲೂಯಿಸ್. "ಎಪ್ಪತ್ತನೇ ವಯಸ್ಸಿಗೆ ನಾನು ಒಂದನೇ ಕ್ಲಾಸಿಗೆ ಹೋಗುವುದಿಲ್ಲ."

ಊಟವಾದ ಮೇಲೆ ಆ ಕುರ್ಚಿ ತೋರಿಸಿದ. ಅಂಗೈಯಗಲದ್ದು. ಮೂರು ಕಾಲು, ಮೂರು ಗೋಲಿ, ಎಲ್ಲಿಯೂ ಒಂದು ಗೀರು ಇಲ್ಲ. ಬೆಳಕಿಗೆ ಹಿಡಿದಾಗ ನೀರಿನ ಹಾಗೆ. ನಾನು ತಪ್ಪು ಹುಡುಕಿದೆ. ಅಡಿಗೆ ಕಣ್ಣು ಹಾಕಿದೆ, ಮಗ್ಗುಲಿಗೆ ಹಾಕಿದೆ. ಒಂದೂ ಸಿಗಲಿಲ್ಲ. ಅಡಿಯಲ್ಲಿ ಮಾತ್ರ ಸೂಜಿಮೊನೆಯಷ್ಟು ಸಣ್ಣದಾಗಿ "ಎಲ್. ಡಿ'ಸೋಜ, ಶಂಕರಪುರ" ಅಂತ ಕೆತ್ತಿದ್ದಾನೆ.

"ಇದು ಯಾರಿಗೆ ಕಾಣುತ್ತದೆ ಮಾರಾಯ?" ಅಂದೆ.

"ಯಾರಿಗೂ ಇಲ್ಲ. ಬೆಟ್ಟದ ಮೇಲೆ ಇರುತ್ತದಲ್ಲ, ಸಾಕು."

ಹದಿನೈದು ಸಾವಿರ ಅಡಿ ಎತ್ತರದಲ್ಲಿ ಶಂಕರಪುರದ ಹೆಸರು, ಪಕ್ಕದಲ್ಲಿ ಅವನದ್ದು. ನನ್ನ ಹೆಸರು ತಾರಾನಾಥ. ತಾರೆಗಳ ಒಡೆಯ! ಒಡೆಯನ ಹೆಸರು ಹೋಗಿ ಬಂದು ಹಾಲಿನ ಕಾರ್ಡಿನಲ್ಲಿ.

ಪಾಯಸ ಎರಡು ಸಲ ಹಾಕಿಸಿಕೊಂಡೆ. ಸಿಹಿ ಆಗಲಿಲ್ಲ.


ಸೆಪ್ಟೆಂಬರ್ ೧೯, ಶುಕ್ರವಾರ

ಮೇಧಾ ನನಗೆ ಒಂದು ಹುದ್ದೆ ಕೊಟ್ಟಳು, ಬಾಗಿಲ ಹೊರಗೆ. ಸ್ಟೂಲು ಸಮೇತ.

ಯಂತ್ರವನ್ನು ನೆಲಮಾಳಿಗೆಯ ಒಂದು ಸಣ್ಣ ಕೋಣೆಯಲ್ಲಿ, ಕರಿಕಲ್ಲಿನ ಮೇಲೆ, ಒಂದು ಮುಚ್ಚಳದ ಒಳಗೆ ಇಟ್ಟಿದ್ದಾರೆ. ಆಯುಧ ಪೂಜೆಯ ಮರುದಿನದಿಂದ ಹತ್ತು ದಿನ ಪರೀಕ್ಷೆ. ಒಳಗೆ ಒಂದು ದೀಪ ಉರಿಯುತ್ತದೆ, ಅದರ ಗೆರೆಗಳು ಹತ್ತು ದಿನ ಕದಲಬಾರದು. ಆಮೇಲೆ ಬೆಂಗಳೂರಿನಿಂದ ಸಮಿತಿ ಬಂದು ಒಪ್ಪಬೇಕು. ಒಪ್ಪಿದರೆ ಅಕ್ಟೋಬರ್ ಕೊನೆಗೆ ಲಾರಿ ಹೊರಡುತ್ತದೆ. ತಪ್ಪಿದರೆ ಹಿಮ ಬಿದ್ದು ದಾರಿ ಮುಚ್ಚುತ್ತದೆ, ಒಂದು ವರ್ಷ ಹೋಯಿತು. ಅಷ್ಟರಲ್ಲಿ ಮೇಧಾಳ ಯೋಜನೆಯ ಅವಧಿಯೂ ಮುಗಿಯುತ್ತದೆ.

ಆ ಹತ್ತು ದಿನ ಕೋಣೆಗೆ ಯಾರೂ ಹೋಗಬಾರದು. ಒಬ್ಬ ಮನುಷ್ಯ ಸುಮ್ಮನೆ ನಿಂತರೂ ನೂರು ವ್ಯಾಟ್ ಬಲ್ಬಿನಷ್ಟು ಬಿಸಿಯಂತೆ. ಹೊಟ್ಟೆಕಿಚ್ಚಿಗೆ ಬೇರೆ ಎಷ್ಟು ವ್ಯಾಟ್ ಅಂತ ಕೇಳಬೇಕೆಂದಿದ್ದೆ, ಬಿಟ್ಟೆ.

ಬಿಸಿ ಏರಿದರೂ ತೇವ ಏರಿದರೂ ಗೆರೆ ಸರಿಯುತ್ತದಂತೆ. ಬಿಸಿ ಎಷ್ಟೆಂದು ಕಂಪ್ಯೂಟರ್ ತಾನೇ ಬರೆದುಕೊಳ್ಳುತ್ತದೆ. ತೇವಾಂಶ ಬರೆಯುವ ಪೆಟ್ಟಿಗೆ ಮಾತ್ರ ಇನ್ನೂ ಬಂದಿಲ್ಲ. ಮುಚ್ಚಳದ ಒಳಗೆ ಹಳೇ ಮುಳ್ಳಿನ ಮೀಟರ್ ಇಟ್ಟಿದ್ದಾರೆ. ಮುಚ್ಚಳಕ್ಕೊಂದು ಗಾಜು, ಬಾಗಿಲಿಗೊಂದು ಗಾಜು. ಎರಡರ ಮೂಲಕ ಇಣುಕಿ ದಿನಕ್ಕೆ ಎರಡು ಸಲ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.

"ನಿಮ್ಮಷ್ಟು ನಿಯತ್ತಿನಿಂದ ರೀಡಿಂಗ್ ಬರೆಯುವವರು ಯಾರೂ ಇಲ್ಲ ಸರ್," ಅಂದಳು ಮೇಧಾ.

ಅದು ನಿಜ. ಮೂವತ್ತನಾಲ್ಕು ವರ್ಷದಲ್ಲಿ ರೀಡಿಂಗ್ ಬೇಯಿಸಿದ ಎಷ್ಟೋ ಮಕ್ಕಳನ್ನು ಹಿಡಿದಿದ್ದೇನೆ. ಉತ್ತರ ಮೊದಲೇ ಗೊತ್ತಿದ್ದು ಅದಕ್ಕೆ ತಕ್ಕ ಅಂಕಿ ಬರೆಯುವ ಕಳ್ಳರು. ಸ್ಟಾಫ್‌ರೂಮಿನ ಕುರ್ಚಿಗೆ ಪಟಾಕಿ ಕಟ್ಟಿದ್ದೇನೆ, ಪ್ರಿನ್ಸಿಪಾಲರ ಕೊಡೆಯಲ್ಲಿ ಅವಲಕ್ಕಿ ತುಂಬಿಸಿದ್ದೇನೆ. ಅಂಕಿಯ ಜೊತೆ ಮಾತ್ರ ಆಟ ಆಡಿದವನಲ್ಲ.

ಆದರೂ, ಲೂಯಿಸನ ಕುರ್ಚಿ ಒಳಗೆ. ನಾನು ಸ್ಟೂಲಿನಲ್ಲಿ.


ಅಕ್ಟೋಬರ್ ೧, ಬುಧವಾರ

ಆಯುಧ ಪೂಜೆ. ವಾಚ್‌ಮನ್ ವಾಸು ಅಗರಬತ್ತಿ, ಕುಂಕುಮ, ಕುಂಬಳಕಾಯಿ ಎಲ್ಲ ತಂದಿದ್ದ. ಮೇಧಾ ಕೈ ಮುಗಿದು ಹೇಳಿದಳು, "ವಾಸಣ್ಣ, ಬಾಗಿಲಿಗೆ ಹೂ ಮಾತ್ರ. ಹೊಗೆ ಬೇಡ, ಕುಂಕುಮ ಬೇಡ, ಒಳಗಂತೂ ಏನೂ ಬೇಡ." ವಾಸುವಿನ ಮುಖ ನೋಡಬೇಕಿತ್ತು. ಇಷ್ಟು ದೊಡ್ಡ ಆಯುಧಕ್ಕೆ ಪೂಜೆ ಇಲ್ಲವಾ ಅಂತ.

ಮನೋರಮಾ ಬೆಳಿಗ್ಗೆ ನಮ್ಮ ಗಿಡದ ಮಲ್ಲಿಗೆ ಕಟ್ಟಿ ಒಂದು ಚೆಂಡು ಕಳಿಸಿದ್ದಳು, ಬಾಳೆನಾರಿನಲ್ಲಿ, ನೀರು ಚಿಮುಕಿಸಿ, ಎಲೆಯಲ್ಲಿ ಸುತ್ತಿ. ಬಾಗಿಲಿನ ಹಿಡಿಗೆ ನಾನೇ ಕಟ್ಟಿದೆ. ಗೇಣುದ್ದ ಉಳಿಯಿತು. ಕಿಸೆಗೆ ಹಾಕಿದೆ.

ಸಂಜೆ ಮುಚ್ಚಳ ಮುಚ್ಚುವ ಹೊತ್ತು. ಲೂಯಿಸ್ ಕೊನೆಯ ಬೋಲ್ಟ್ ಬಿಗಿ ಮಾಡಲು ಒಳಗೆ ಹೋದ, ಟಾರ್ಚ್ ಹಿಡಿಯಲು ನನ್ನನ್ನೂ ಕರೆದ. ಇಬ್ಬರಿಗೂ ಕೈಗವಸು, ತಲೆಗೆ ಟೊಪ್ಪಿ. ಅವನಿಗೆ ಸ್ಪಾನರ್ ಬೇಕಾಯಿತು. "ಒಂದು ನಿಮಿಷ ನಿಲ್ಲು ಮಾರಾಯ, ಎಂತದ್ದೂ ಮುಟ್ಟಬೇಡ," ಅಂತ ಹೊರಗೆ ಹೋದ.

ಒಂದು ನಿಮಿಷ. ಎದುರಿಗೆ ಅವನ ಕುರ್ಚಿ. ಅಡಿಯಲ್ಲಿ ಅವನ ಹೆಸರು. ನಾನು ಏನನ್ನೂ ಮುಟ್ಟಲಿಲ್ಲ. ಕಿಸೆಯ ಮಲ್ಲಿಗೆಯನ್ನು ಕುರ್ಚಿಯ ಹಿಂಭಾಗದ ಸಂದಿನಲ್ಲಿ ಮೆಲ್ಲಗೆ ಇಟ್ಟೆ, ಅಷ್ಟೇ. ನಿನ್ನ ಹೆಸರು ಇರಲಿ, ನನ್ನ ಪರಿಮಳ ಇರಲಿ. ನಿನಗೆ ಹೇಗೂ ಗೊತ್ತಾಗುವುದಿಲ್ಲ.

ಗೊತ್ತಾಗಲಿಲ್ಲ. ಬಂದ, ಬಿಗಿದ, ಮುಚ್ಚಿದ, ಶಿಲುಬೆಯ ಗುರುತು ಹಾಕಿಕೊಂಡ.

ಬಸ್ಸಿನಲ್ಲಿ ಬರುವಾಗ ಇಡೀ ದಾರಿ ನಗು ತಡೆದುಕೊಂಡೆ. ಈ ವಯಸ್ಸಿನಲ್ಲಿ ನಗು ತಡೆಯುವುದು, ಮೂತ್ರ ತಡೆಯುವುದು, ಎರಡೂ ಒಂದೇ ಕಷ್ಟ.


ಅಕ್ಟೋಬರ್ ೩, ಶುಕ್ರವಾರ

ಪರೀಕ್ಷೆಯ ಎರಡನೇ ದಿನ. ನಿನ್ನೆ ದಸರೆಯ ರಜೆ, ನನ್ನ ರೀಡಿಂಗ್ ಇವತ್ತಿನಿಂದ. ತೇವಾಂಶದ ಮುಳ್ಳು ೩೮ ತೋರಿಸುತ್ತಿದೆ. ಮುಚ್ಚುವ ಮೊದಲು ೩೧ ಇತ್ತು. ಯಾಕಪ್ಪಾ ಅಂತ ಯೋಚಿಸಿದೆ. ಆಮೇಲೆ ಖಾಲಿ ಕಿಸೆ ಮುಟ್ಟಿ ನೋಡಿಕೊಂಡೆ.

ಒದ್ದೆ ಹೂ.

ಪೆನ್ನು ಪುಸ್ತಕದ ಮೇಲೆ ನಿಂತಿತು. ೩೧ ಅಂತ ಬರೆದರೆ ಮುಗಿಯಿತು. ಮುಳ್ಳಿಗೆ ಬಾಯಿ ಇಲ್ಲ, ನೋಡುವವನು ನಾನೊಬ್ಬನೇ. ಎಷ್ಟು ಹೊತ್ತು ಕುಳಿತೆನೋ, ಪಕ್ಕದಲ್ಲಿ ವಾಸು "ಎಂತ ಸರ್, ನಿದ್ದೆಯಾ?" ಅಂದ.

೩೮ ಬರೆದೆ.

ಯಾರು ಈ ಕಾಲಂ ನೋಡುತ್ತಾರೆ? ಎಲ್ಲರ ಕಣ್ಣು ಬಿಸಿಯ ಮೇಲೆ. ಹೂ ಒಣಗಿದರೆ ಸರಿಯಾಗುತ್ತದೆ.


ಅಕ್ಟೋಬರ್ ೪, ಶನಿವಾರ

ಗೆರೆಗಳು ಸರಿದಿವೆ. ಎಲ್ಲ ಒಂದೇ ಕಡೆಗೆ, ಮೆರವಣಿಗೆ ಹೋದ ಹಾಗೆ. ಮೊದಲ ದಿನ ಜಾಸ್ತಿ, ಎರಡನೇ ದಿನ ಕಡಿಮೆ, ಇವತ್ತು ಇನ್ನೂ ಕಡಿಮೆ.

ಮೇಧಾ ಪರದೆಯ ಮೇಲಿನ ವಕ್ರರೇಖೆ ತೋರಿಸಿದಳು. "ಹೊಸದಾಗಿ ಬಿಗಿದ ಲೋಹ ಮೆಲ್ಲಮೆಲ್ಲ ಸಡಿಲಗೊಂಡು ಕೂರುವಾಗ ಸರಿಯಾಗಿ ಹೀಗೇ ಬರುತ್ತದೆ ಅಂಕಲ್."

ಲೂಯಿಸ್ ಕನ್ನಡಕ ತೆಗೆದು ಒರೆಸಿದ, ಹಾಕಿದ, ಮತ್ತೆ ತೆಗೆದ. "ನಾನು ಕಾಯಿಸಿ ತಣಿಸಿದ್ದೆ ಮೇಡಂ. ಎರಡು ಸಲ." ಕನ್ನಡಕ ಕಿಸೆಗೆ ಹಾಕಿ, "ಮೂರನೇ ಸಲ ಮಾಡಬೇಕಿತ್ತೋ ಏನೋ."

ಆಗಸ್ಟ್‌ನಿಂದ ನಾನು ಕಾದದ್ದು ಇದೇ ಅಲ್ಲವಾ? ಲೂಯಿಸನ ಕೈ ತಪ್ಪಬೇಕು, ಮೇಧಾಳ ಎದುರು ತಪ್ಪಬೇಕು. ತಪ್ಪಿತು. ತಪ್ಪದೆ ತಪ್ಪಿತು.

ಮುಳ್ಳು ೩೫. ಬರೆದೆ.


ಅಕ್ಟೋಬರ್ ೬, ಸೋಮವಾರ

೩೨. ಗೆರೆ ಬಹುತೇಕ ನಿಂತಿದೆ. ನಿಂತರೂ ಉಪಯೋಗವಿಲ್ಲ, ಪರೀಕ್ಷೆ ಕೆಟ್ಟಾಗಿದೆ.

ಲೂಯಿಸ್ ನಿನ್ನೆ ಇಗರ್ಜಿಗೆ ಹೋಗಲಿಲ್ಲವಂತೆ. ಡೈನಾ ಮನೋರಮಾಳಿಗೆ ಹೇಳಿದಳಂತೆ, ಅವರು ರಾತ್ರಿ ಊಟ ಬಿಟ್ಟು ಲೇತಿನ ಎದುರು ಸುಮ್ಮನೆ ಕೂರುತ್ತಾರೆ, ಆನ್ ಸಹ ಮಾಡುವುದಿಲ್ಲ ಅಂತ. ಅವನ ಬಲಗೈ ಸ್ವಲ್ಪ ನಡುಗುವುದು ನನಗೆ ಮೊದಲೇ ಗೊತ್ತಿತ್ತು. ಈಗ ಅವನೇ ಅದನ್ನು ದಿಟ್ಟಿಸಿ ನೋಡುತ್ತಾನಂತೆ, ಬೇರೆ ಯಾರದೋ ಕೈ ನೋಡಿದ ಹಾಗೆ.

ಇದನ್ನೆಲ್ಲ ನಾನು ಯಾಕೆ ಬರೆಯುತ್ತಿದ್ದೇನೆ? ಡೈರಿ ನನ್ನದು, ಅವನದ್ದಲ್ಲ.

ನಾಳೆ ಮುಚ್ಚಳ ತೆರೆಯುತ್ತಾರೆ. ಹೂ ಸಿಗುತ್ತದೆ. ತೆರೆಯುವವನೂ ಅವನೇ.


ಅಕ್ಟೋಬರ್ ೭, ಮಂಗಳವಾರ

ಗಾಜಿನಿಂದ ನೋಡುತ್ತಿದ್ದೆ. ಮೇಧಾ ನನ್ನ ಹಿಂದೆ ಕಂಪ್ಯೂಟರಿನ ಮುಂದೆ ಇದ್ದಳು. ಲೂಯಿಸ್ ಒಬ್ಬನೇ ಒಳಗೆ. ಮುಚ್ಚಳ ಎತ್ತಿದ. ಬಗ್ಗಿದ. ಕೈ ಕುರ್ಚಿಯ ಹಿಂದೆ ಹೋಯಿತು, ಬಂತು, ಅಂಗಿಯ ಕಿಸೆಗೆ ಹೋಯಿತು. ಆಮೇಲೆ ತಿರುಗಿ ಗಾಜಿನ ಕಡೆ ನೋಡಿದ.

ನಾನು ಪುಸ್ತಕ ನೋಡಿದೆ.

ಹೊರಗೆ ಬಂದು ಹೇಳಿದ, "ನನ್ನದೇ ತಪ್ಪು ಮೇಡಂ. ಬೋಲ್ಟ್ ಜಾಸ್ತಿ ಬಿಗಿ ಆಗಿತ್ತು. ಈಗ ಸಡಿಲ ಮಾಡಿದ್ದೇನೆ. ಇನ್ನೊಮ್ಮೆ ಹತ್ತು ದಿನ ಇಟ್ಟು ನೋಡಿ, ಅಲುಗುವುದಿಲ್ಲ."

ಮೇಧಾ ತಲೆ ಅಲ್ಲಾಡಿಸಿದಳು. "ಅಂಕಲ್, ಸಮಿತಿಯವರು ಕಾರಣ ಕೇಳುತ್ತಾರೆ. ಬೋಲ್ಟ್ ಅಂದರೆ ಬೆಟ್ಟದ ಮೇಲೆ ಮತ್ತೆ ಆಗುವುದಿಲ್ಲ ಅಂತ ಯಾರು ಬರೆದು ಕೊಡುವುದು? ಅಲ್ಲಿ ಬಿಗಿ ಮಾಡಲಿಕ್ಕೆ ನೀವಿರುವುದಿಲ್ಲ." ಅವಳ ದನಿ ಇಳಿದಿತ್ತು. "ಹೊರದೇಶದ ಕಂಪೆನಿಯದ್ದು ತರಿಸುತ್ತೇನೆ. ಈ ವರ್ಷ ಹೋಗುವುದಿಲ್ಲ. ಆಗಲಿ."

"ಸರಿ ಮೇಡಂ," ಅಂದ ಲೂಯಿಸ್. ಅಷ್ಟೇ. ಆ ಕುರ್ಚಿಗೆ ಅವನು ಎರಡು ತಿಂಗಳು ಕೊಟ್ಟಿದ್ದ.

ಬಸ್ಸಿನಲ್ಲಿ ಒಟ್ಟಿಗೆ ಬಂದೆವು. ಉಡುಪಿಯಲ್ಲಿ ಬಸ್ಸು ಬದಲಿಸಿದೆವು. ಉದ್ಯಾವರ ಹೋಯಿತು, ಕಟಪಾಡಿ ಹೋಯಿತು. ಈಗ ಬೈಯುತ್ತಾನೆ, ಈಗ ಬೈಯುತ್ತಾನೆ ಅಂತ ಕಾಯುತ್ತಿದ್ದೆ. ಶಂಕರಪುರದಲ್ಲಿ ಇಳಿದಮೇಲೆ ಹೇಳಿದ,

"ಮನೋರಮಕ್ಕ ಹೂ ಒಳ್ಳೆ ಕಟ್ಟುತ್ತಾರೆ ಮಾರಾಯ. ಒಣಗಿದರೂ ಒಂದು ಮೊಗ್ಗು ಕೂಡ ನಾರಿನಿಂದ ಉದುರಲಿಲ್ಲ."

ತಿರುಗಿ ನೋಡದೆ ಮನೆಗೆ ಹೋದ.


ಅಕ್ಟೋಬರ್ ೮, ಬುಧವಾರ

ಹೋಗಲಿಲ್ಲ. ಹೊಟ್ಟೆ ಸರಿ ಇಲ್ಲ ಅಂತ ಫೋನ್ ಮಾಡಿದೆ. ಸುಳ್ಳಲ್ಲ.

ಅವನ ಮೇಲೆ ಇಷ್ಟು ಕೋಪ ಯಾವತ್ತೂ ಬಂದಿರಲಿಲ್ಲ. ಕಪಾಳಕ್ಕೆ ಬಾರಿಸಿದ್ದರೆ ಲೆಕ್ಕ ಸಮ ಆಗುತ್ತಿತ್ತು. ಮೇಧಾಳಿಗೆ ಹೇಳಿದ್ದರೂ ಸಮ ಆಗುತ್ತಿತ್ತು. ಅವನು ಕಿಸೆಗೆ ಹಾಕಿಕೊಂಡ! ಲೇತಿನಲ್ಲಿ ನನಗಿಂತ ಮೇಲೆ, ಮೇಧಾಳ ಬಾಯಿಯಲ್ಲಿ ನನಗಿಂತ ಮೇಲೆ, ಈಗ ಒಳ್ಳೆಯತನದಲ್ಲೂ ನನಗಿಂತ ಮೇಲೆ. ನನಗೆ ಅಂತ ಒಂದು ಮೆಟ್ಟಿಲಾದರೂ ಬಿಡಬಾರದಾ?

ಲ್ಯಾಬಿನಲ್ಲಿ ಮಕ್ಕಳಿಗೆ ಹೇಳುತ್ತಿದ್ದೆ, ದೂರದಿಂದ ಒಂದೇ ಅಂತ ಕಾಣುವ ಎರಡು ಗೆರೆಯನ್ನು ಎರಡು ಅಂತ ತೋರಿಸುವುದೇ ಒಳ್ಳೆಯ ಯಂತ್ರ. ಊರಿನವರಿಗೆ ತಾರಾನಾಥ–ಲೂಯಿಸ್ ಒಂದೇ ಗೆರೆ. ನಲವತ್ತು ವರ್ಷ ಒಟ್ಟಿಗೆ ಚಹಾ, ಒಟ್ಟಿಗೆ ಯಕ್ಷಗಾನ, ಒಟ್ಟಿಗೆ ಕಾಪು ಬೀಚಿನಲ್ಲಿ ದೀಪಸ್ತಂಭದ ಸುತ್ತು ಎಣಿಸುವುದು. ನಡುವಿನ ಸಂದು ನನಗೊಬ್ಬನಿಗೇ ಕಂಡದ್ದು. ಹೊಟ್ಟೆಕಿಚ್ಚಿನಷ್ಟು ಹೈ ರೆಸಲ್ಯೂಶನ್ ಯಂತ್ರ ಇನ್ನೂ ಯಾರೂ ಕಟ್ಟಿಲ್ಲ.

ಸಂಜೆ ಮನೋರಮಾ ಹೂ ಕಟ್ಟುತ್ತಾ ಕೇಳಿದಳು, "ಆಯುಧ ಪೂಜೆಗೆ ಕೊಟ್ಟ ಚೆಂಡು ಬಾಗಿಲಿಗೆ ಸರಿ ಆಯಿತಾ, ಹೆಚ್ಚಾಯಿತಾ?"

"ಗೇಣುದ್ದ ಹೆಚ್ಚಾಯಿತು," ಅಂದೆ. ಎಲ್ಲ ಹೇಳಿದೆ.

ಅವಳ ಕೈ ನಿಲ್ಲಲಿಲ್ಲ. ನಾಲ್ಕು ಮೊಗ್ಗು ಕಟ್ಟಿ, ಗಂಟು ಹಾಕಿ, ಹೇಳಿದಳು, "ನಿಮ್ಮ ಕೀಟಲೆಗೆ ನಾನು ಕಟ್ಟಿದ ಹೂವೇ ಬೇಕಿತ್ತಾ? ನಾಳೆ ಮೊದಲನೇ ಬಸ್ಸಿಗೆ ಹೋಗಿ. ಚಹಾ ಕುಡಿಯಲಿಕ್ಕೆ ಕೂರಬೇಡಿ, ಕೂತರೆ ಹೋಗುವುದಿಲ್ಲ ನೀವು."


ಅಕ್ಟೋಬರ್ ೯, ಗುರುವಾರ

ಚಹಾ ಕುಡಿಯದೆ ಹೋದೆ.

ಮೇಧಾ ಹೊರದೇಶದ ಕಂಪೆನಿಗೆ ಪತ್ರ ಬರೆಯುತ್ತಿದ್ದಳು. ಪುಸ್ತಕವನ್ನು ಅವಳ ಮುಂದೆ ಇಟ್ಟು ತೇವಾಂಶದ ಕಾಲಂ ಮೇಲೆ ಬೆರಳಿಟ್ಟೆ. ೩೧, ೩೮, ೩೮, ೩೭, ೩೫, ೩೨.

ಅವಳು ಓದಿದಳು. ತನ್ನ ವಕ್ರರೇಖೆಯನ್ನು ಪಕ್ಕಕ್ಕೆ ತಂದಳು. ಎರಡೂ ಅಕ್ಕತಂಗಿಯರ ಹಾಗೆ.

"ಇದು ಎಂತ ಸರ್? ಒಳಗೆ ನೀರು ಎಲ್ಲಿಂದ ಬಂತು?"

"ಶಂಕರಪುರದಿಂದ," ಅಂದೆ. ಬಾಯಿ ಅಭ್ಯಾಸದಿಂದ ಹಾಸ್ಯಕ್ಕೆ ಹೋಯಿತು. ಅವಳು ನಗಲಿಲ್ಲ. ಆಮೇಲೆ ಸರಿಯಾಗಿ ಹೇಳಿದೆ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಉದ್ದ, ಎಲ್ಲಿ ಇಟ್ಟೆ. ಯಾಕೆ ಇಟ್ಟೆ ಅನ್ನುವುದನ್ನೂ ಹೇಳಿದೆ. ಅದು ಮಾತ್ರ ಕಷ್ಟವಾಯಿತು.

ಅವಳು ಬರೆಯುತ್ತಿದ್ದ ಪತ್ರವನ್ನು ಮುಚ್ಚಿದಳು. ಕುತ್ತಿಗೆ ಕೆಂಪಾಗಿತ್ತು.

"ಅಂಕಲ್ ಮೂರು ದಿನ ನನ್ನ ಎದುರು ತಲೆ ತಗ್ಗಿಸಿ ನಿಂತಿದ್ದರು. ನಾನು ಅವರನ್ನು ನಿಲ್ಲಿಸಿದೆ." ಎದ್ದು ಕಿಟಕಿಯ ಹತ್ತಿರ ಹೋದಳು. "ಆ ೩೮ ಬದಲಿಗೆ ೩೧ ಬರೆದಿದ್ದರೆ ನನಗೆ ಜೀವಮಾನದಲ್ಲಿ ಗೊತ್ತಾಗುತ್ತಿರಲಿಲ್ಲ. ಯಾಕೆ ಬರೆಯಲಿಲ್ಲ ಸರ್?"

"ಮುಳ್ಳು ೩೮ರಲ್ಲಿ ಇತ್ತಲ್ಲ ಮಗಾ."

ಅವಳು ಕಣ್ಣು ಒರೆಸಿಕೊಂಡಳು. ಸಿಟ್ಟಿಗೋ ಬೇರೆ ಯಾವುದಕ್ಕೋ ನನಗೆ ತಿಳಿಯಲಿಲ್ಲ. ಪುಸ್ತಕ ಮುಚ್ಚಿ ತನ್ನ ಬಳಿ ಇಟ್ಟುಕೊಂಡಳು.

"ಇನ್ನು ನೀವು ಇಲ್ಲಿಗೆ ಬರಬೇಡಿ ಸರ್. ಲಾರಿ ಹೋಗುವ ತನಕ ಬರಬೇಡಿ."

"ಆಯಿತು," ಅಂದೆ. ಸ್ಟೂಲನ್ನು ಗೋಡೆಗೆ ತಾಗಿಸಿ ಇಟ್ಟು ಬಂದೆ. ಯಾರಾದರೂ ಎಡವಬಾರದಲ್ಲ.


ಅಕ್ಟೋಬರ್ ೧೧, ಶನಿವಾರ

ಬೆಳಿಗ್ಗೆ ಲೂಯಿಸ್ ಗೇಟಿನಿಂದಲೇ ಕೂಗುತ್ತಾ ಬಂದ. "ಏ ತಾರಾ! ಹೊರಗೆ ಬಾ! ಎಪ್ಪತ್ತು ವರ್ಷದಲ್ಲಿ ಒಂದು ಸಲ ಸಂತ ಆಗಲಿಕ್ಕೆ ಹೊರಟಿದ್ದೆ, ಅದಕ್ಕೂ ಅಡ್ಡ ಬಂದೆಯಲ್ಲ ಮಾರಾಯ!"

"ಸಂತನಿಗೆ ಬೋಲ್ಟ್ ಬಿಗಿ ಮಾಡಲಿಕ್ಕೆ ಬರುವುದಿಲ್ಲ ಅಂತ ಮೇಡಂ ತಿಳಿದಿದ್ದರು, ಅದನ್ನು ಸರಿ ಮಾಡಿದೆ."

"ನಿನ್ನನ್ನು..." ಅಂತ ಕೈ ಎತ್ತಿದ. ಕೈ ನಡುಗುತ್ತಿತ್ತು. ಅದನ್ನು ನಾನು ನೋಡಿದ್ದನ್ನು ಅವನು ನೋಡಿದ. ಇಳಿಸಿದ. ಮನೋರಮಾ ಮಾತಿಲ್ಲದೆ ಇಬ್ಬರಿಗೂ ನೀರುದೋಸೆ ಹಾಕಿದಳು. ಅವನಿಗೆ ಆರು, ನನಗೆ ಮೂರು. ಅದನ್ನೂ ಎಣಿಸಿದೆ.

ಹೋಗುವಾಗ ಹೇಳಿದ, ನಿನ್ನೆಯಿಂದ ಪರೀಕ್ಷೆ ಮತ್ತೆ ಶುರುವಾಗಿದೆಯಂತೆ, ಅವನದ್ದೇ ಕುರ್ಚಿ. ರೀಡಿಂಗ್ ಬರೆಯುವುದು ವಾಚ್‌ಮನ್ ವಾಸುವಂತೆ.

ವಾಸು! ಅವನು ಬರೆದ ಏಳು ಒಂದರ ಹಾಗೆ ಕಾಣುತ್ತದೆ. ನನ್ನ ಸ್ಟೂಲಿನಲ್ಲಿ ಈಗ ವಾಸು. ಮಧ್ಯಾಹ್ನದಿಂದ ಎದೆಯಲ್ಲಿ ಉರಿ. ನೀರುದೋಸೆಯದ್ದಲ್ಲ.


ಅಕ್ಟೋಬರ್ ೧೪, ಮಂಗಳವಾರ

ಲೂಯಿಸನ ಮನೆಗೆ ಹೋಗಿದ್ದೆ. ಪೇಟೆಗೆ ಹೋಗುವ ದಾರಿ, ಹಾಗೆ. ಗೇಣುದ್ದ ಮಲ್ಲಿಗೆ ಕಿಸೆಯಲ್ಲಿ ಇತ್ತು, ಅದನ್ನು ಅವನ ಮೂಗಿಗೆ ಹಿಡಿದೆ.

"ಡಾಕ್ಟರು ಹೇಳಿದ ಟ್ಯೂಷನ್. ಎಂತಾದರೂ ಬಂತಾ?"

"ನಿನ್ನ ಕಿಸೆಯ ಹೂವಾ? ಹೆದರಿಕೆ ಬಂತು."

ವಾಸನೆ: ಇಲ್ಲ.


ಅಕ್ಟೋಬರ್ ೧೭, ಶುಕ್ರವಾರ

ವಾಸನೆ: ಇಲ್ಲ. ಲವಂಗ: ಇಲ್ಲ.


ಅಕ್ಟೋಬರ್ ೨೦, ಸೋಮವಾರ

ದೀಪಾವಳಿಯ ಎಣ್ಣೆ ಸ್ನಾನ ಮುಗಿಸಿ ಕುಳಿತಿದ್ದೆ. ಲೂಯಿಸ್ ಫೋನ್ ಮಾಡಿದ. ಹತ್ತು ದಿನ ಮುಗಿಯಿತು. ಗೆರೆ ಕದಲಲಿಲ್ಲ.

"ನಿನ್ನ ಕುರ್ಚಿ ಗೆದ್ದಿತು," ಅಂದೆ. ಸರಿಯಾಗಿಯೇ ಅಂದೆ ಅನಿಸುತ್ತದೆ. ಫೋನ್ ಇಟ್ಟಮೇಲೆ ಸ್ವಲ್ಪ ಹೊತ್ತು ಹೊರಗೆ ನಿಂತೆ. ಬೆಟ್ಟಕ್ಕೆ ಹೋಗುವುದು ಅವನ ಹೆಸರೇ. ಉರಿಯುತ್ತದೆ, ಸುಳ್ಳು ಬರೆಯುವುದಿಲ್ಲ. ಮೊದಲಿನಷ್ಟು ಇಲ್ಲ. ನೂರರ ಬಲ್ಬ್ ಹೋಗಿ ನಲವತ್ತರದ್ದು ಹಾಕಿದ ಹಾಗೆ.

ಲೂಯಿಸನ ವಾಸನೆ: ಇಲ್ಲ. ಲಿಂಬೆಗೆ ಮೂಗು ಸ್ವಲ್ಪ ಸುಕ್ಕಾಯಿತು. ಅದು ಹುಳಿಯ ನೆನಪು ಅಂದ.


ಅಕ್ಟೋಬರ್ ೨೮, ಮಂಗಳವಾರ

ಲಾರಿ ಹೊರಟಿತು. ನಾನು ಮಣಿಪಾಲಕ್ಕೆ ಹೋಗಲಿಲ್ಲ, ಮಾತು ಮಾತೇ.

ಸಂಜೆ ಲೂಯಿಸ್ ಬಂದ, ಮುಖ ಊದಿಸಿಕೊಂಡು. ಸಮಿತಿಗೆ ಕೊಟ್ಟ ಪರೀಕ್ಷಾ ವರದಿಯ ಪ್ರತಿ ಕೈಯಲ್ಲಿ. ಹದಿನಾಲ್ಕನೇ ಪುಟ ತೆರೆದು ಮೇಜಿನ ಮೇಲೆ ಬಡಿದ. ಮೊದಲ ಪರೀಕ್ಷೆ ಯಾಕೆ ಕೆಟ್ಟಿತು ಅಂತ ಮೇಧಾ ಬರೆದಿದ್ದಾಳೆ. ಮುಚ್ಚಳದ ಒಳಗೆ ಒದ್ದೆ ಮಲ್ಲಿಗೆ, ಉದ್ದ ಇಪ್ಪತ್ತೆರಡು ಸೆಂಟಿಮೀಟರ್, ಬಾಳೆನಾರಿನಲ್ಲಿ ಕಟ್ಟಿದ್ದು. ತೇವಾಂಶ ಇಷ್ಟು ಏರಿತು, ಗೆರೆ ಇಷ್ಟು ಸರಿಯಿತು. ಕೆಳಗೆ ನನ್ನ ಆರು ಅಂಕಿ, ನನ್ನ ಕೈಬರಹದ ಪುಟದ ಫೋಟೋ ಸಮೇತ. ಆದ್ದರಿಂದ ಬೆಟ್ಟದ ಮೇಲೆ ಮುಚ್ಚಳಕ್ಕೆ ತೇವ ಹೀರುವ ಚೀಲ ಇಡತಕ್ಕದ್ದು, ಮುಚ್ಚುವ ಮೊದಲು ಇಬ್ಬರು ಒಳಗೆ ನೋಡತಕ್ಕದ್ದು. ಹೂ ಇಟ್ಟವನ ಹೆಸರು ಇಲ್ಲ. ಅಂಕಿಗಳ ಕೆಳಗೆ ಮಾತ್ರ: ರೀಡಿಂಗ್, ತಾರಾನಾಥ.

"ಐವತ್ತು ಪುಟ ಹುಡುಕಿದೆ," ಅಂದ ಲೂಯಿಸ್. "ನನ್ನ ಹೆಸರು ಎಲ್ಲಿಯೂ ಇಲ್ಲ. ಕುರ್ಚಿಯ ಬಗ್ಗೆ ಒಂದೇ ಸಾಲು, 'ಸ್ಥಳೀಯವಾಗಿ ತಯಾರಿಸಲಾಗಿದೆ' ಅಂತ. ನೀನು ಕಿತಾಪತಿ ಮಾಡಿದ್ದಕ್ಕೆ ಒಂದು ಇಡೀ ಪುಟವಾ? ಫೋಟೋ ಬೇರೆ!"

ಲೂಯಿಸನಿಗೆ ಹೊಟ್ಟೆಕಿಚ್ಚು! ನನ್ನ ಮೇಲೆ!

ಇದನ್ನು ಎಷ್ಟು ವರ್ಷದಿಂದ ಕಾದಿದ್ದೆ. ಕುಣಿಯಬೇಕಿತ್ತು. "ಮೇಧಾಳಿಗೆ ಫೋನ್ ಮಾಡಿ ನಿನ್ನ ಹೆಸರು ಹಾಕಿಸುತ್ತೇನೆ," ಅಂದೆ. ಯಾಕೆ ಅಂದೆನೋ.

ಮಾಡಿದೆ. ಇಪ್ಪತ್ತು ದಿನದ ಮೇಲೆ ಅವಳ ದನಿ. ಮುಂದಿನ ಪ್ರತಿಯಲ್ಲಿ ಹಾಕುತ್ತೇನೆ ಅಂದಳು. ಫೋನ್ ಇಡುವ ಮೊದಲು, "ಲಾರಿ ಹೋಯಿತಲ್ಲ ಸರ್, ಸ್ಟೂಲು ಅಲ್ಲೇ ಉಂಟು," ಅಂದಳು.


ನವೆಂಬರ್ ೪, ಮಂಗಳವಾರ

ಇವತ್ತು ಒಂದು ಪ್ರಯೋಗ. ಮುಷ್ಟಿಯಲ್ಲಿ ಬರೀ ಬಾಳೆನಾರು ಹಿಡಿದು ಹೋದೆ, ಹೂ ಒಂದೂ ಇಲ್ಲದೆ.

"ಕಣ್ಣು ಮುಚ್ಚು," ಅಂದೆ. ಲೂಯಿಸ್ ಮುಚ್ಚಿದ. ಮುಷ್ಟಿಯನ್ನು ಮೂಗಿಗೆ ಹಿಡಿದೆ. ಅವನು ದೀರ್ಘವಾಗಿ ಉಸಿರೆಳೆದ.

"ಬಂತು ತಾರಾ," ಅಂದ. "ಇವತ್ತು ಸ್ವಲ್ಪ ಬಂತು. ಮಲ್ಲಿಗೆಯೇ. ನಿನ್ನಿಂದಾಗಿ ಬಂತು ಮಾರಾಯ."

ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ. ಮೂರು ವಾರ ನಡೆದುಬಂದವನಿಗೆ ಬೇಸರವಾಗಬಾರದು ಅಂತ. ಬೋಲ್ಟಿನ ಸುಳ್ಳನ್ನು ಹೇಳಿದ್ದೂ ಇದೇ ಮುಖದಲ್ಲಿ.

ನಾರನ್ನು ಕಿಸೆಗೆ ಹಾಕಿದೆ. "ಒಳ್ಳೆಯದಾಯಿತು," ಅಂದೆ.

ರೀಡಿಂಗ್ ಬೇಯಿಸುವ ಕಳ್ಳ.

ವಾಸನೆ: ಇಲ್ಲ. ನಾಳೆ ಹೂ ತೆಗೆದುಕೊಂಡು ಹೋಗಬೇಕು.